ವಯೋಮಿಂಗ್ ಕಡೆ ಕುದುರೆ ಸವಾರಿಯ ರ‍್ಯಾಂಚ್‌ಗೆ ಡೆಪಾಸಿಟ್ ಕಟ್ಟುವ ಮೊದಲು ಇದನ್ನು ಓದಿ

ಬೇಸಿಗೆ ರಜೆಗೆ ವಯೋಮಿಂಗ್, ಮೊಂಟಾನಾ (ಅಮೆರಿಕದ ರಾಜ್ಯಗಳು) ಕಡೆ, ಉಳಿದುಕೊಂಡು ಕುದುರೆ ಸವಾರಿ ಮಾಡುವ ಗೆಸ್ಟ್ ರ‍್ಯಾಂಚ್‌ಗೆ ಹೋಗೋಣ ಅಂತ ಯೋಚಿಸುತ್ತಿರುವ ನಮ್ಮವರು ಯಾರಾದರೂ ಇದ್ದರೆ, ದುಡ್ಡು ಕಳಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಮೋಸ ಆಗಿದೆ. ಮೋಸ ಅಂತಲೇ ಹೇಳುತ್ತೇನೆ, ಇದಕ್ಕಿಂತ ಮೆತ್ತಗಿನ ಮಾತು ನನ್ನ ಬಾಯಲ್ಲಿ ಬರುತ್ತಿಲ್ಲ.

ನಾವಿರುವುದು ಡೆನ್ವರ್‌ನಲ್ಲಿ. ನಾನು, ನನ್ನ ಗಂಡ, ಮಗಳು, ಹಾಸನದಿಂದ ಬಂದಿದ್ದ ಅಪ್ಪ-ಅಮ್ಮ, ಜೊತೆಗೆ ನಮ್ಮ ಸ್ನೇಹಿತರ ಕುಟುಂಬ. ಆ ಕುಟುಂಬ ಬಂದದ್ದು ನನ್ನ ಮಾತಿನ ಮೇಲೆ. "ನೀನು ನೋಡಿದ್ದೀಯಲ್ಲ, ಸರಿಯಿರುತ್ತೆ" ಅಂತ ಅವರು ಚೆಕ್ ಬರೆದುಕೊಟ್ಟರು. ಈಗ ಅವರ ಎದುರು ನಿಲ್ಲುವುದಕ್ಕೆ ನಾಚಿಕೆಯಾಗುತ್ತದೆ.

ಇಂಥ ರ‍್ಯಾಂಚ್ ರಜೆ ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತಿದೆ. ಭಾನುವಾರದಿಂದ ಭಾನುವಾರ. ಕ್ಯಾಬಿನ್, ಊಟ, ಸವಾರಿ ಎಲ್ಲ ಸೇರಿ ಒಂದೇ ರೇಟು. ಮೊದಲು ಅಂಗಳದಲ್ಲಿ ಹತ್ತಿಸಿ ಇಳಿಸಿ, ನಿಮ್ಮ ಅಳತೆಗೆ, ಧೈರ್ಯಕ್ಕೆ ತಕ್ಕ ಕುದುರೆ ಕೊಡುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ, ಮಧ್ಯಾಹ್ನ ಬೆಟ್ಟಕ್ಕೆ. ಪೈನ್ ಕಾಡು, ಹಳ್ಳ ದಾಟುವುದು, ಮೇಲೆ ಹೋದರೆ ಹುಲ್ಲುಗಾವಲು. ಇಷ್ಟಕ್ಕೇ ಜನ ಅಷ್ಟೊಂದು ದುಡ್ಡು ಕೊಡುವುದು. ಬೆಟ್ಟ ಬೇಡ ಅಂದರೆ ಡೆನ್ವರ್ ಪಕ್ಕದಲ್ಲೇ ಗಂಟೆ ಲೆಕ್ಕಕ್ಕೆ ಕುದುರೆ ಸಿಗುತ್ತವೆ.

ನಾನು ಕೇಳಿದ್ದೆ. ಬರವಣಿಗೆಯಲ್ಲೇ ಕೇಳಿದ್ದೆ. "ಸವಾರಿ ಬೆಟ್ಟದೊಳಗೆ ಹೋಗುತ್ತದೆಯೋ, ಇಲ್ಲ ನಿಮ್ಮ ಜಾಗದಲ್ಲೇ ಸುತ್ತಾಡಿಸುತ್ತೀರೋ?" ಅವರ ಉತ್ತರ ಈಗಲೂ ನನ್ನ ಹತ್ತಿರ ಇದೆ: "ನೀವು ಅಬ್ಸರೋಕಾ ಬೆಟ್ಟಗಳ ನಡುವೆ ಸವಾರಿ ಮಾಡುತ್ತೀರಿ. ಶೊಶೋನಿ ನ್ಯಾಷನಲ್ ಫಾರೆಸ್ಟ್ ನಮ್ಮ ಹಿತ್ತಲು." ಅಮೆರಿಕದ ಮೊಟ್ಟಮೊದಲ ಕಾಯ್ದಿಟ್ಟ ಅರಣ್ಯ ಅದು, 1891ರದ್ದು, ಸುಮಾರು 24 ಲಕ್ಷ ಎಕರೆ. ಆ ಕಾಡಿನ ಹೆಸರು ಹೇಳಿ ನಮ್ಮನ್ನು ಕರೆಸಿಕೊಂಡರು.

ಕ್ಯಾಸ್ಪರ್, ಥರ್ಮಾಪೊಲಿಸ್, ಮಿಟೀಟ್ಸಿ ದಾಟಿ ಇಡೀ ದಿನ ಕಾರು ಓಡಿಸಿ ಹೋದೆವು. ಜಾಗ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಫೋನ್ ಸಿಗ್ನಲ್ ಇಲ್ಲ, ಅದು ಗೊತ್ತಿದ್ದದ್ದೇ.

ಮರುದಿನ ಜೀನು ಬಿಗಿದು ಹೊರಟೆವು. ಅಷ್ಟೂ ಜನರ ಮುಂದೆ ಒಬ್ಬನೇ ಹುಡುಗ, ಕಾಲೇಜು ರಜೆಗೆ ಕೆಲಸಕ್ಕೆ ಬಂದ, ಕುದುರೆ ನೋಡಿಕೊಂಡು ಸವಾರಿಗೆ ಕರೆದೊಯ್ಯುವ ರ‍್ಯಾಂಗ್ಲರ್. ಸೇಜ್ ಪೊದೆಗಳ ಬಯಲು ದಾಟಿದ ಮೇಲೆ ಒಂದು ತಂತಿ ಬೇಲಿ, ಒಂದು ಗೇಟು. ಗೇಟಿನ ಆಚೆ ದಾರಿ ಕಾಡಿನೊಳಗೆ ಏರಿಕೊಂಡು ಹೋಗುವುದು ಕಣ್ಣಿಗೇ ಕಾಣುತ್ತಿದೆ. ಮಗಳು ಎಲ್ಲರಿಗಿಂತ ಮುಂದೆ ಇದ್ದಳು. ಚಳಿಗಾಲ ಪೂರ್ತಿ ಅಂಗಳದೊಳಗೆ ಸವಾರಿ ಕಲಿತಿದ್ದಾಳೆ, ಈ ಬೆಟ್ಟಕ್ಕಾಗಿಯೇ ಕಲಿತದ್ದು. ಹುಡುಗ ಗೇಟಿನ ಹತ್ತಿರ ಬಂದು ಕುದುರೆಯನ್ನು ಎಡಕ್ಕೆ ತಿರುಗಿಸಿದ. ಬೇಲಿ ಪಕ್ಕದಲ್ಲೇ ಸಾಲಾಗಿ ನಡೆದೆವು. ಮೂಲೆ ಬಂತು, ಮತ್ತೆ ಎಡಕ್ಕೆ. ಮತ್ತೆ ಬೇಲಿ. ಮತ್ತೆ ಎಡಕ್ಕೆ. ಗಾಣದ ಎತ್ತಿನ ಹಾಗೆ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತೆವು.

"ಬೆಟ್ಟಕ್ಕೆ ಯಾವಾಗ?" ಅಂತ ಮಗಳು ಕೇಳಿದಳು. ಆ ಹುಡುಗ ಪಾಪ, ನೇರವಾಗಿ ಹೇಳಿಬಿಟ್ಟ: "ಗೇಟಿನ ಆಚೆ ಫಾರೆಸ್ಟ್ ಸರ್ವಿಸ್ (ಸರ್ಕಾರದ ಅರಣ್ಯ ಇಲಾಖೆ) ಜಾಗ. ಅಲ್ಲಿಗೆ ಗೆಸ್ಟ್‌ಗಳನ್ನು ಕರೆದುಕೊಂಡು ಹೋಗುವ ಪರ್ಮಿಟ್ ನಮಗಿಲ್ಲ."

ಪರ್ಮಿಟ್ ಇಲ್ಲ! ಕುದುರೆಯ ಮೇಲೆ ಕೂತೇ ಇದ್ದೆ, ಲಗಾಮು ಕೈಯಲ್ಲಿ, ಮಾತೇ ಹೊರಡಲಿಲ್ಲ. ಹಿಂದೆ ತಿರುಗಿದರೆ ಸ್ನೇಹಿತರು ನನ್ನನ್ನೇ ನೋಡುತ್ತಿದ್ದಾರೆ. ಮಗಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು, ಆಮೇಲೆ ಟೋಪಿ ಮುಖಕ್ಕೆ ಎಳೆದುಕೊಂಡಳು.

ವಿಷಯ ಇಷ್ಟು, ಸರಿಯಾಗಿ ತಿಳಿದುಕೊಳ್ಳಿ. ನ್ಯಾಷನಲ್ ಫಾರೆಸ್ಟ್ ಸಾರ್ವಜನಿಕರ ಜಾಗ. ಸ್ವಂತ ಕುದುರೆ ಇದ್ದವರು ಅಲ್ಲಿ ಸವಾರಿ ಮಾಡಬಹುದು. ಆದರೆ ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವವರು ಫಾರೆಸ್ಟ್ ಸರ್ವಿಸ್‌ನಿಂದ ವಿಶೇಷ ಪರ್ಮಿಟ್ ಪಡೆದಿರಬೇಕು. ಎಲ್ಲಿ ಹೋಗಬಹುದು, ಒಂದು ಸೀಸನ್‌ನಲ್ಲಿ ಎಷ್ಟು ಬಳಕೆ ಅಂತ ಅದರಲ್ಲೇ ಗೊತ್ತುಮಾಡಿರುತ್ತಾರೆ. ಅದಿಲ್ಲದ ರ‍್ಯಾಂಚ್‌ನವರು ಆ ಗೇಟು ದಾಟಿಸುವ ಹಾಗಿಲ್ಲ. ಇದು ಮಾಲೀಕನಿಗೆ ಗೊತ್ತಿಲ್ಲದ ಸಂಗತಿಯೇ? ನನ್ನ ಪ್ರಶ್ನೆಗೆ ಉತ್ತರ ಬರೆಯುವಾಗ ಗೊತ್ತಿರಲಿಲ್ಲವೇ?

ಅವನ ಹತ್ತಿರ ಹೋದೆ. ಪ್ರಿಂಟ್ ಮಾಡಿಕೊಂಡು ಹೋಗಿದ್ದ ಅವನದೇ ಇಮೇಲ್ ತೋರಿಸಿದೆ. ಓದಿದ. ನಿಧಾನಕ್ಕೆ ಕೈ ಬೀಸಿ ಸುತ್ತ ತೋರಿಸಿದ: "ಮೇಡಂ, ಸುತ್ತಲೂ ಬೆಟ್ಟವೇ ಅಲ್ಲವೇ? ಬೆಟ್ಟಗಳ ನಡುವೆ ಅಂದೆ. ಬೆಟ್ಟದ ಮೇಲೆ ಅನ್ನಲಿಲ್ಲ."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅಂದರೆ ಪದಗಳನ್ನು ತೂಗಿ ನೋಡಿಯೇ ಬರೆದಿದ್ದ. ಅದಕ್ಕೂ ಮೇಲೆ ಇನ್ನೊಂದು: "ಬೇಕಿದ್ದರೆ ಪರ್ಮಿಟ್ ಇಟ್ಟುಕೊಂಡು ಬೆಟ್ಟಕ್ಕೆ ಕರೆದೊಯ್ಯುವ ಔಟ್‌ಫಿಟರ್ ಒಬ್ಬರು ಇದ್ದಾರೆ, ಫೋನ್ ಮಾಡಿ ಕೊಡುತ್ತೇನೆ. ತಲೆಗೆ ಇಷ್ಟು ಅಂತ ಬೇರೆ ಆಗುತ್ತೆ." ಬೇರೆ ಆಗುತ್ತೆ! ಸವಾರಿ ಸೇರಿ ಅಂತ ದುಡ್ಡು ತೆಗೆದುಕೊಂಡವನು ಹೇಳುವ ಮಾತೇ ಇದು? ಜನ ಬರುತ್ತಾರೆ, ಬೇಲಿಯ ಹತ್ತಿರ ಜಗಳ ತೆಗೆಯುತ್ತಾರೆ, ಆಗ ಇದನ್ನು ಹೇಳೋಣ ಅಂತ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದ.

ಊಟದ ಕತೆ ಬೇರೆ. ಸಸ್ಯಾಹಾರಿಗಳು ಅಂತ ಬುಕಿಂಗ್‌ನಲ್ಲೇ ಬರೆದಿದ್ದೆವು, "ತೊಂದರೆಯೇ ಇಲ್ಲ" ಅಂದಿದ್ದರು. ಅಮ್ಮನ ತಟ್ಟೆಗೆ ಬಡಿಸಿದ ಬೀನ್ಸ್‌ನಲ್ಲಿ ಹಂದಿಮಾಂಸದ ಚೂರು. ಅಡುಗೆಯವರನ್ನು ಕೇಳಿದರೆ "ಬೇಕನ್ ಎತ್ತಿಟ್ಟು ತಿನ್ನಬಹುದಲ್ಲ?" ಅಮ್ಮ ಆಮೇಲೆ ಅಲ್ಲಿ ಬ್ರೆಡ್ಡು, ಹಣ್ಣು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಇನ್ನೂ ಗಂಭೀರವಾದದ್ದು: ನಮ್ಮ ಸ್ನೇಹಿತನ ಜೀನು ಸವಾರಿಯ ಮಧ್ಯದಲ್ಲಿ ಪಕ್ಕಕ್ಕೆ ಜಾರಿ ಅವನು ಬಿದ್ದ. ಜೀನು ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ, ಸ್ವಲ್ಪ ನಡೆದ ಮೇಲೆ ಜೀನು ಹಿಡಿದಿಡುವ ಹೊಟ್ಟೆಪಟ್ಟಿ ಸಡಿಲವಾಗುತ್ತದೆ. ಅದಕ್ಕೇ ಹೊರಟ ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಪ್ರತಿಯೊಂದು ಪಟ್ಟಿಯನ್ನೂ ಮತ್ತೆ ಬಿಗಿಯುವುದು ಪದ್ಧತಿ. ಮಗಳ ಸವಾರಿ ಕ್ಲಾಸಿನಲ್ಲಿ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು. ಇಲ್ಲಿ ಯಾರೂ ನೋಡಲಿಲ್ಲ. ದೇವರು ದೊಡ್ಡವನು, ಭುಜಕ್ಕೆ ಪೆಟ್ಟಾಯಿತು ಅಷ್ಟೇ. ಮಾಲೀಕ ಏನೆಂದ? "ನೀವು ಸಹಿ ಮಾಡಿದ್ದೀರಿ." ಪೆಟ್ಟಾದರೆ ನಾವೇ ಹೊಣೆ ಅನ್ನುವ ಕಾಗದದ ಮಾತು. ಹೇಗಿದ್ದಾನೆ ಅಂತ ಒಂದು ಮಾತು ಕೇಳಲಿಲ್ಲ. ಸಹಿ ಮಾಡಿದ್ದೀರಿ ಅಂದ. ಕುದುರೆ ಬೆಚ್ಚುವುದು, ಎಡವುವುದು ಸವಾರಿಯಲ್ಲಿ ಇದ್ದೇ ಇರುವ ಅಪಾಯ, ಒಪ್ಪುತ್ತೇನೆ, ವಯೋಮಿಂಗ್ ಕಾನೂನೂ ಅದನ್ನೇ ಹೇಳುತ್ತದೆ. ಪಟ್ಟಿ ಬಿಗಿಯದಿರುವುದು ಕುದುರೆಯ ತಪ್ಪೇ?

ವಾರ ಮುಗಿಯುವ ಮೊದಲೇ ಹೊರಟು ಬಂದೆವು. ಮನೆಗೆ ಬಂದು ಉಳಿದ ದಿನಗಳ ದುಡ್ಡು ವಾಪಸ್ ಕೇಳಿದೆ. "ಪಾಲಿಸಿ ಪ್ರಕಾರ ರೀಫಂಡ್ ಇಲ್ಲ." ಪರ್ಮಿಟ್ ವಿಷಯ ಕೇಳಿ ಮತ್ತೆ ಬರೆದೆ. "ನಮ್ಮ ಹೆಚ್ಚಿನ ಅತಿಥಿಗಳು ಸಂತೋಷದಿಂದ ಹೋಗುತ್ತಾರೆ, ನಿಮ್ಮ ನಿರೀಕ್ಷೆ ಬೇರೆ ಇತ್ತೆಂದು ಕಾಣುತ್ತದೆ." ಮತ್ತೆ ಬರೆದೆ. ಉತ್ತರವಿಲ್ಲ.

ಬ್ಯಾಂಕಿನಲ್ಲೂ ದಾರಿ ಮುಚ್ಚಿದೆ. ಡೆಪಾಸಿಟ್ ಕಾರ್ಡಿನಲ್ಲಿ ಕಟ್ಟಿದ್ದು ಜನವರಿಯಲ್ಲಿ. ಕಾನೂನಿನ ಪ್ರಕಾರ ಬಿಲ್ಲಿನ ತಕರಾರನ್ನು ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ ಬರೆದು ಕೊಡಬೇಕು, ಅದು ಯಾವಾಗಲೋ ದಾಟಿತ್ತು. ಉಳಿದ ದೊಡ್ಡ ಮೊತ್ತಕ್ಕೆ "ಕಾರ್ಡಾದರೆ ಫೀಸು ಹೆಚ್ಚು, ಚೆಕ್ ಕಳಿಸಿ" ಅಂದಿದ್ದರು. ಈಗ ಅರ್ಥವಾಗುತ್ತಿದೆ ಯಾಕೆ ಅಂತ.

ಹೋಗುವವರು ಇಷ್ಟು ಮಾಡಿ. "ನಿಮ್ಮ ಹೆಸರಲ್ಲಿ ಫಾರೆಸ್ಟ್ ಸರ್ವಿಸ್ ಪರ್ಮಿಟ್ ಇದೆಯೇ, ಯಾವ ದಾರಿಗಳಿಗೆ?" ಅಂತ ಇದೇ ಮಾತಿನಲ್ಲಿ ಕೇಳಿ, ಹೌದು-ಇಲ್ಲ ಅನ್ನುವ ಉತ್ತರ ತರಿಸಿಕೊಳ್ಳಿ. ಆಮೇಲೆ ಆ ಕಾಡಿನ ರೇಂಜರ್ ಆಫೀಸಿಗೂ ಫೋನ್ ಮಾಡಿ ವಿಚಾರಿಸಿ. ಶೊಶೋನಿ ಕಡೆಯದಾದರೆ ಕೋಡಿ ಊರಲ್ಲೇ ಆಫೀಸಿದೆ. ಡ್ಯೂಡ್ ರ‍್ಯಾಂಚರ್ಸ್ ಅಸೋಸಿಯೇಷನ್ ಅಂತ 1926ರಿಂದ ಇರುವ, ಇಂಥ ರ‍್ಯಾಂಚ್‌ಗಳ ಸಂಘದ ಸದಸ್ಯರ ಪಟ್ಟಿಯೂ ನೋಡಿ, ನಾವು ಹೋದ ಜಾಗದ ಹೆಸರು ಅದರಲ್ಲಿಲ್ಲ. ಪೂರ್ತಿ ದುಡ್ಡು ಕಾರ್ಡಿನಲ್ಲೇ ಕೊಡಿ, ಫೀಸು ಹೋದರೆ ಹೋಗಲಿ. "ಹಿತ್ತಲಲ್ಲೇ ಕಾಡು", "ಬೆಟ್ಟಗಳ ನಡುವೆ" ಅನ್ನುವವರನ್ನು ನಂಬಲೇಬೇಡಿ.

ವಯೋಮಿಂಗ್ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ರಕ್ಷಣಾ ವಿಭಾಗಕ್ಕೆ ದೂರು ಕಳಿಸಿದ್ದೇನೆ, ಅವನ ಇಮೇಲ್ ಸಮೇತ. ದೂರು ತಲುಪಿದೆ ಅಂತ ಪತ್ರ ಬಂದಿದೆ. ಸ್ನೇಹಿತರ ಪಾಲಿನ ದುಡ್ಡನ್ನಂತೂ ವಾಪಸ್ ತರಿಸದೆ ಬಿಡುವುದಿಲ್ಲ.