ಆಷಾಢದ ಗಾಳಿ, ಶಿಂಗಲ್ಸ್ ಅಡಿಯ ಹಾಳೆ ಮತ್ತು ಬಿಲ್ಲೆ ಮೊಳೆ: ಎರಡು ವರ್ಷದ ಬಳಕೆಯ ನಂತರ

ಜೋಗಿಮಟ್ಟಿಯ ಕಡೆ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುತ್ತಾ ಬೆಳೆದವನಿಗೆ ಚಿತ್ರದುರ್ಗದಲ್ಲಿ ಮಳೆಗಿಂತ ಮೊದಲು ಗಾಳಿಯ ಲೆಕ್ಕ ಹಾಕಬೇಕೆಂಬುದು ಹೊಳೆಯಬೇಕಿತ್ತು, ನನಗೆ ಹೊಳೆಯಲಿಲ್ಲ. 2023ರ ಜೂನ್ ತಿಂಗಳಲ್ಲಿ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ, ಅದರ ಮೇಲೆ ಪ್ಲೈವುಡ್ ಹೊದಿಸಿ, ಇಳಿಜಾರಿನ ಒಂದು ಕೋಣೆ ಕಟ್ಟಿಸಿದೆ. ಮೇಲ್ಹೊದಿಕೆಗೆ ಶಿಂಗಲ್ಸ್ (ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ಚಪ್ಪಟೆ ತುಂಡುಗಳು), ಅದರ ಅಡಿಗೆ ನೀರು ತಡೆಯಲು ಪಾಲಿಪ್ರೊಪಿಲೀನ್ ನೇಯ್ಗೆಯ ಸಿಂಥೆಟಿಕ್ ಅಂಡರ್‌ಲೇಮೆಂಟ್ ಹಾಳೆ. ಹಾಳೆಯ ದಪ್ಪ, ತೂಕ, ಬಣ್ಣಗಳನ್ನು ಮಾರುವವರೇ ಬೇಕಾದಷ್ಟು ಹೇಳಿರುತ್ತಾರಾದ್ದರಿಂದ ನಾನು ಅದನ್ನು ಬಿಟ್ಟು, ಶಿಂಗಲ್ಸ್ ಬರುವ ಮುನ್ನ ಆ ಹಾಳೆ ಗಾಳಿಗೆ ತೆರೆದುಕೊಂಡಿದ್ದ ದಿನಗಳ ಬಗ್ಗೆಯೇ ಬರೆಯುತ್ತೇನೆ.

ಶಿಂಗಲ್ಸ್ ನಾಲ್ಕು ದಿನದಲ್ಲಿ ಬರುತ್ತದೆಂದು ದಾವಣಗೆರೆಯ ಅಂಗಡಿಯವರು ಹೇಳಿದ್ದರು, ಬಂದದ್ದು ಏಳನೆಯ ವಾರದಲ್ಲಿ. ನಾಲ್ಕೇ ದಿನದ ಮಾತೆಂದು ನಂಬಿದ ನಮ್ಮ ಮೇಸ್ತ್ರಿ ಇಡೀ ಹಾಳೆಯನ್ನು ಸ್ಟೇಪ್ಲರ್ ಪಿನ್ನಿನಿಂದ ಹೊಡೆದು ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದರು. ಮೂರನೆಯ ರಾತ್ರಿ ಹನ್ನೊಂದರ ಸುಮಾರಿಗೆ ಮೇಲೆ ಕೋಳಿ ರೆಕ್ಕೆ ಬಡಿದಂತಹ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ಗೋಣಿಚೀಲ ಹರಿಯುವ ಸದ್ದಾಯಿತು. ಬೆಳಗ್ಗೆ ನೋಡಿದರೆ ಪಶ್ಚಿಮದ ಇಳಿಜಾರಿನ ಅರ್ಧ ಹಾಳೆ ಪಕ್ಕದ ಮನೆಯ ಬೇವಿನ ಮರದಲ್ಲಿ ಜೋತಾಡುತ್ತಿತ್ತು. ನಾನು ಪ್ಲೈವುಡ್ ಮೇಲೆ ಮಂಡಿಯೂರಿ ಪಿನ್ನುಗಳನ್ನು ನೋಡಿದೆ. ಒಂದೂ ಕಿತ್ತು ಬಂದಿರಲಿಲ್ಲ. ಪ್ರತಿ ಪಿನ್ನಿನ ಸೊಂಟದಡಿಯಲ್ಲಿ ಹಾಳೆಯ ನಾಲ್ಕಾರು ಬೂದು ಎಳೆಗಳು ಸಿಕ್ಕಿಕೊಂಡಿದ್ದವು. ಪಿನ್ನು ಮರವನ್ನು ಬಿಟ್ಟಿರಲಿಲ್ಲ, ಹಾಳೆ ಪಿನ್ನಿನ ಮೂಲಕ ಹರಿದು ಹೊರಬಂದಿತ್ತು.

ಆಮೇಲಿನ ಒಂದು ವಾರದ ಕಥೆಯನ್ನು ನೆನೆದರೆ ಈಗ ನಗು ಬರುತ್ತದೆ. ನಮ್ಮ ಕಡೆ ತಗಡಿನ ಶೀಟಿನ ಮೇಲೆ ಕಲ್ಲು ಹೇರುವುದು ವಾಡಿಕೆಯಾದ್ದರಿಂದ, ಉಳಿದ ಹಾಳೆ ಹೊದಿಸಿ ಮರಳಿನ ಚೀಲಗಳನ್ನು ಜೋಡಿಸಿದರು. ನುಣುಪಾದ ಇಳಿಜಾರಿನಲ್ಲಿ ಅವು ಒಂದೊಂದಾಗಿ ಸೂರಿನ ಕಡೆ ಜಾರಿದವು. ಅನಂತರ ಮರದ ರೀಪುಗಳನ್ನು ಅಡ್ಡಡ್ಡ ಹೊಡೆದರು. ಗಾಳಿಗೆ ಅದು ತಡೆಯಿತೆಂಬುದು ನಿಜ, ಆದರೆ ನಡುವೆ ಬಿದ್ದ ಒಂದು ಸಣ್ಣ ಮಳೆಯ ನೀರು ಪ್ರತಿ ರೀಪಿನ ಮೇಲ್ಬದಿಯಲ್ಲೂ ಕಟ್ಟೆ ಕಟ್ಟಿದಂತೆ ನಿಂತು, ಮೊಳೆಯ ತೂತಿನಿಂದ ಇಳಿದು, ಅಂಗೈ ಅಗಲದಷ್ಟು ಪ್ಲೈವುಡ್ಡನ್ನು ಉಬ್ಬಿಸಿತು. ತಾತ್ಕಾಲಿಕವಾಗಿ ರೀಪು ಹೊಡೆಯಲೇಬೇಕಾದವರು ನೀರು ಇಳಿಯುವ ದಿಕ್ಕಿಗೇ, ಅಂದರೆ ನೆತ್ತಿಯಿಂದ ಸೂರಿನ ಕಡೆಗೆ ಹೊಡೆಯಬೇಕು.

ಹಾಳೆಯ ಸುರುಳಿಗೆ ಸುತ್ತಿದ್ದ ಹೊದಿಕೆಯನ್ನು ನಾನು ಕನ್ನಡಕ ಹಾಕಿ ಓದಿದ್ದು ಆಗ. ಇಷ್ಟು ತಿಂಗಳು ಬಿಸಿಲಿಗೆ ತಡೆಯುತ್ತದೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಸ್ಟೇಪ್ಲರ್ ಪಿನ್ ಬಳಸಕೂಡದು, ಪ್ಲಾಸ್ಟಿಕ್ ಬಿಲ್ಲೆಯುಳ್ಳ ಮೊಳೆಯನ್ನೇ ಬಳಸಬೇಕು ಎಂಬ ಮಾತು ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿತ್ತು. ಹಾಳೆ ಮಾರಿದವರು ಆ ಮೊಳೆಯ ಸುದ್ದಿಯನ್ನೇ ಎತ್ತಿರಲಿಲ್ಲ. ದುರ್ಗದ ಯಾವ ಅಂಗಡಿಯಲ್ಲೂ ಅದು ನನಗೆ ಸಿಗಲಿಲ್ಲ, ಕೊನೆಗೆ ಬೆಂಗಳೂರಿನಿಂದ ಪಾರ್ಸೆಲ್ ತರಿಸಿದೆ. ನಿವೃತ್ತಿ ವೇತನದಲ್ಲಿ ಬದುಕುವ ನನಗೆ ಪ್ರತಿ ಬಿಲ್ಲೆ ಮೊಳೆಯ ಬೆಲೆಯೂ ಚುಚ್ಚಿತು, ಹಾಳಾದ ಹಾಳೆಯ ಬೆಲೆ ಅದಕ್ಕಿಂತ ಹೆಚ್ಚು ಚುಚ್ಚಿತು.

ಒಂದು ಇಂಚು ಅಗಲದ ಆ ಬಿಲ್ಲೆಯ ಬಗ್ಗೆ ನನಗೆ ಈಗ ಒಂದು ಬಗೆಯ ಗೌರವವೇ ಇದೆ. ಗಾಳಿ ಇಳಿಜಾರನ್ನು ದಾಟುವಾಗ ಛಾವಣಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಆ ಸೆಳೆತ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಅತಿ ಹೆಚ್ಚು. ಗಾಳಿಯ ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಪಿನ್ನು ಆ ಎಳೆತವನ್ನೆಲ್ಲ ಕೂದಲೆಳೆಯಷ್ಟು ಜಾಗದಲ್ಲಿ ಹಿಡಿಯುತ್ತದೆ, ಬಿಲ್ಲೆ ಅದನ್ನು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಂಚುತ್ತದೆ. ಸೂರಿನಿಂದ ಶುರುಮಾಡಿ, ಮೇಲಿನ ಹಾಳೆ ಕೆಳಗಿನದರ ಮೇಲೆ ನಾಲ್ಕು ಇಂಚು ಬರುವಂತೆ ಹಾಸಿ, ಆ ಜೋಡಿನ ಉದ್ದಕ್ಕೂ ಆರು ಇಂಚಿಗೊಂದು, ಹಾಳೆಯ ನಡುವೆ ಹನ್ನೆರಡು ಇಂಚಿಗೊಂದು ಮೊಳೆ ಹೊಡೆಸಿದೆ. ಕೊನೆಗಳನ್ನು ಕೂಡಿಸಿದಲ್ಲಿ ಆರು ಇಂಚು ಒಂದರ ಮೇಲೊಂದು ಬರಿಸಿ, ಬಾಯಿ ಗಾಳಿಗೆ ಬೆನ್ನಾಗುವಂತೆ ತಿರುಗಿಸಿದೆವು. ತಗಡಿನ ಅಂಚುಪಟ್ಟಿ ಸೂರಿನಲ್ಲಿ ಹಾಳೆಯ ಅಡಿಗೆ ಹೋಗಬೇಕು, ಇಳಿಜಾರಿನ ಪಕ್ಕದ ಅಂಚುಗಳಲ್ಲಿ ಹಾಳೆಯ ಮೇಲೆ ಬರಬೇಕು. ಎರಡೂ ಇಳಿಜಾರು ಸೇರಿ ಆರುನೂರು ಚದರಡಿಗೆ ಸಾವಿರದ ಹತ್ತಿರ ಮೊಳೆ ಹಿಡಿಯಿತು. ಮೇಸ್ತ್ರಿ ಮೊದಮೊದಲು ಗೊಣಗಿದರು, ಎರಡನೆಯ ದಿನ ತಾವೇ ಅಳತೆಗೆಂದು ಸುತ್ತಿಗೆಯ ಹಿಡಿಯಲ್ಲಿ ಆರು ಇಂಚಿಗೆ ಗುರುತು ಕೊರೆದುಕೊಂಡರು.

ಅಲ್ಲಿಂದ ಶಿಂಗಲ್ಸ್ ಬರುವವರೆಗಿನ ಐದು ವಾರ ನನಗೊಂದು ನಿತ್ಯಕರ್ಮ ಸಿಕ್ಕಿತು. ಇಬ್ಬನಿ ಆರದ ಹಾಳೆಯ ಮೇಲೆ ಕಾಲಿಡುವುದು ಜಾರುಬಂಡೆ ಹತ್ತಿದಂತೆ, ಆದ್ದರಿಂದ ಎಂಟು ಗಂಟೆಯ ಬಿಸಿಲು ಬೀಳುವವರೆಗೆ ತಾರಸಿಯಲ್ಲೇ ಕಾಫಿ ಕುಡಿಯುತ್ತಾ ಕಾಯುತ್ತಿದ್ದೆ. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು, ಹಾಳೆಗಳ ಜೋಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತಾ ಹೋಗುತ್ತಿದ್ದೆ. ನೇರವಾಗಿ ಇಳಿದ ಮೊಳೆಯ ಬಿಲ್ಲೆ ಹಾಳೆಗೆ ಅಂಟಿದಂತೆ ಕೂತಿರುತ್ತದೆ. ಓರೆಯಾಗಿ ಹೊಡೆದದ್ದರ ಒಂದು ಮಗ್ಗುಲು ಉಗುರಿಗೆ ಸಿಗುತ್ತದೆ. ಅತಿಯಾಗಿ ಬಡಿದದ್ದು ಹಾಳೆಯನ್ನು ದುಂಡಗೆ ಕತ್ತರಿಸಿರುತ್ತದೆ. ಓರೆಯಾದದ್ದಕ್ಕೂ ಕತ್ತರಿಸಿದ್ದಕ್ಕೂ ಸುಣ್ಣದ ಗುರುತು ಹಾಕುತ್ತಿದ್ದೆ, ಸಂಜೆ ನಾಲ್ಕಕ್ಕೆ ಗಾಳಿ ಏಳುವ ಮುನ್ನ ಅವನ್ನು ಸರಿಪಡಿಸುತ್ತಿದ್ದೆ. ಮೊದಲ ದಿನ ಹದಿನೇಳು ಗುರುತು ಬಿದ್ದವು, ಮೂರನೆಯ ವಾರ ಸೀಮೆಸುಣ್ಣ ಜೇಬಿನಿಂದ ಹೊರಬರಲೇ ಇಲ್ಲ. ಆ ಆಷಾಢದ ಉಳಿದ ರಾತ್ರಿಗಳಲ್ಲಿ ತೆಂಗಿನ ಗರಿ ಮುರಿದು ಬಿದ್ದ ಸದ್ದು ಕೇಳಿದೆ, ಹಾಳೆಯ ಸದ್ದು ಕೇಳಲಿಲ್ಲ.

ಹಾಳೆಯ ಮೇಲಿನ ನನ್ನ ಸಿಟ್ಟು ಹೀಗೆ ಇಳಿಯಿತು. ಹಳೆಯ ಬಗೆಯ ಡಾಂಬರು ಕಾಗದವಾಗಿದ್ದರೆ ಅಷ್ಟು ದಿನದ ಇಬ್ಬನಿ ಹೀರಿ ಸುಕ್ಕುಗಟ್ಟಿ, ಆ ಸುಕ್ಕು ಶಿಂಗಲ್ಸ್ ಮೇಲೂ ಮೂಡುತ್ತಿತ್ತು. ಇದು ಹಾಸಿದ ದಿನದಂತೆಯೇ ಇತ್ತು, ಈ ಎರಡು ಮಳೆಗಾಲದಲ್ಲಿ ಕೋಣೆಯೊಳಗೆ ಒಂದು ತೊಟ್ಟೂ ಇಳಿದಿಲ್ಲ. ಹಾಳೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಬಿಲ್ಲೆ ಮೊಳೆಗೆ ಐದೂ ಕೊಡುತ್ತೇನೆ, ಮೊಳೆಯಿಲ್ಲದೆ ಹಾಳೆ ಮಾರಿದವರಿಗೆ ಕೊಡಲು ನನ್ನ ಬಳಿ ಅಂಕವಿಲ್ಲ. ನನ್ನಷ್ಟೇ ಕೈಬಿಗಿಯಿರುವವರು ಶಿಂಗಲ್ಸ್ ಮನೆಯಂಗಳಕ್ಕೆ ಬಂದಿಳಿದ ಮೇಲೆ ಹಾಳೆಯ ಸುರುಳಿ ಬಿಚ್ಚಿದರೆ ಸಾಕು.

ಮಿಕ್ಕ ಹಾಳೆಯ ತುಂಡೊಂದನ್ನು ಹಿತ್ತಲಿನ ಸೌದೆಯ ಮೇಲೆ ಹೊದಿಸಿದ್ದೆ. ಶಿಂಗಲ್ಸ್ ನೆರಳು ಕಾಣದೆ ಎರಡು ಬೇಸಿಗೆ ಬಿಸಿಲುಂಡ ಅದು ಈಗ ಮುಟ್ಟಿದರೆ ಒಣಗಿದ ಬಾಳೆಲೆಯಂತೆ ಸೀಳುತ್ತದೆ, ಬೆರಳಿಗೆ ಬೂದು ಪುಡಿ ಅಂಟುತ್ತದೆ. ಸುತ್ತಲೂ ಹೊಡೆದಿದ್ದ ಆರು ಬಿಲ್ಲೆಗಳು ಮಾತ್ರ ತಮ್ಮ ತಮ್ಮ ಅಡಿಯ ದುಂಡು ಚೂರನ್ನು ಇನ್ನೂ ಹಿಡಿದುಕೊಂಡಿವೆ.