ಲೇಬಲ್ ಇಲ್ಲದ ನೀಲಿ ಔಷಧಿ: ಬ್ರಿಸಲ್‌ನೋಸ್ ಮರಿ ಮಾಡಿಸುವವರಿಗೆ ಎಚ್ಚರಿಕೆ

ಅಕ್ವೇರಿಯಂ ಅಂಗಡಿಗಳಲ್ಲಿ ನೀಲಿ, ಹಳದಿ, ಹಸಿರು ಬಣ್ಣದ ದ್ರವ ತುಂಬಿದ ಸಣ್ಣ ಪ್ಲಾಸ್ಟಿಕ್ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟಿರುವುದನ್ನು ನೀವು ನೋಡಿರುತ್ತೀರಿ. ದೊಡ್ಡ ಕ್ಯಾನಿನಿಂದ ಬಗ್ಗಿಸಿ ತುಂಬಿದ ಔಷಧಿ ಅದು. ತಯಾರಿಸಿದವರ ಹೆಸರಿರುವುದಿಲ್ಲ, ಒಳಗೆ ಏನಿದೆ ಎಂಬ ವಿವರವಿರುವುದಿಲ್ಲ, ಎಷ್ಟು ಹಳೆಯದು ಎಂಬುದೂ ತಿಳಿಯುವುದಿಲ್ಲ. ಅಂಗಡಿಯವರು ಬಾಯಲ್ಲಿ ಹೇಳಿದ್ದೇ ಹೆಸರು, ಹೇಳಿದ್ದೇ ಪ್ರಮಾಣ. ಅಂಥ ಬಾಟಲಿಯನ್ನು ದಯವಿಟ್ಟು ಮನೆಗೆ ತರಬೇಡಿ. ಬ್ರಿಸಲ್‌ನೋಸ್ ಮೀನಿನ ಮರಿಗಳಿರುವ ಟ್ಯಾಂಕಿಗಂತೂ ಅದರ ಒಂದು ಹನಿಯನ್ನೂ ಹಾಕಬೇಡಿ. ನಮ್ಮ ಮನೆಯ ಟ್ಯಾಂಕಿನಲ್ಲಿ ನೂರರ ಹತ್ತಿರ ಮರಿಗಳು ಒಂದೇ ರಾತ್ರಿಯಲ್ಲಿ ಸತ್ತುಹೋದವು. ರೋಗದಿಂದಲ್ಲ, ಆ ನೀಲಿ ಔಷಧಿಯಿಂದ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಸುತ್ತ ಅಡಿಕೆ ತೋಟ, ಕುಡಿಯಲು ಬಾವಿಯ ನೀರು. ಈ ನೀರಿನ ವಿಚಾರಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಅನಾಹುತದ ಅರ್ಧ ಕಾರಣ ಅಲ್ಲಿದೆ.

ಬ್ರಿಸಲ್‌ನೋಸ್ ಎಂದರೆ ಅಂಗಡಿಗಳಲ್ಲಿ ಸಕ್ಕರ್ ಮೀನು ಎಂದು ಮಾರುವ ಗುಂಪಿಗೆ ಸೇರಿದ, ಆದರೆ ಅವುಗಳಂತೆ ಮೊಳದುದ್ದ ಬೆಳೆಯದ ಮೀನು. ಮೂಲ ದಕ್ಷಿಣ ಅಮೆರಿಕದ ನದಿಗಳು. ಹನ್ನೆರಡರಿಂದ ಹದಿನೈದು ಸೆಂಟಿಮೀಟರಿಗೆ ನಿಲ್ಲುತ್ತದೆ. ಗಂಡಿನ ಮೂತಿಯ ಮೇಲೆ ಕವಲೊಡೆದ ಮೀಸೆಗಳು ಮುಳ್ಳುಗಂಟಿಯಂತೆ ಎದ್ದಿರುತ್ತವೆ; ಹೆಣ್ಣಿಗೆ ತುಟಿಯ ಅಂಚಿನಲ್ಲಿ ನಾಲ್ಕಾರು ಚಿಕ್ಕ ಎಳೆಗಳಿದ್ದರೆ ಹೆಚ್ಚು. ಮರಿ ಮಾಡಿಸುವುದು ಕಷ್ಟವಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ವರ್ಷ ತುಂಬಿದ ಒಂದು ಗಂಡು, ಒಂದು ಹೆಣ್ಣು, ಗಂಡಿನ ಮೈ ಬಿಗಿಯಾಗಿ ಹಿಡಿಯುವಂಥ ಒಂದು ಪೊಟರೆ, ಕೆರೆಯಲು ಒಂದು ಮರದ ತುಂಡು, ಸ್ವಚ್ಛವಾದ ನೀರು, ಇಷ್ಟಿದ್ದರೆ ಸಾಕು. ನಮ್ಮಲ್ಲಿ ಒಂದು ಕಡೆ ಮುಚ್ಚಿದ ಬಿದಿರಿನ ಗಳುವೇ ಪೊಟರೆ. ಬಾವಿಯ ತಣ್ಣೀರನ್ನು ಟ್ಯಾಂಕಿಗೆ ಸೇರಿಸಿದ ಮರುದಿನವೋ ಅದರ ಮರುದಿನವೋ ಹೆಣ್ಣು ಮೊಟ್ಟೆ ಇಡುತ್ತಿತ್ತು.

ಮೊಟ್ಟೆ ಇಟ್ಟ ಮೇಲೆ ಹೆಣ್ಣಿನ ಕೆಲಸ ಮುಗಿಯಿತು. ಆಮೇಲಿನದೆಲ್ಲ ಗಂಡಿನ ಪಾಲು. ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲನ್ನು ಹೊಟ್ಟೆಯ ಕೆಳಗಿಟ್ಟುಕೊಂಡು, ಈಜುರೆಕ್ಕೆ ಬೀಸುತ್ತ ಹಗಲೂ ರಾತ್ರಿ ಅವುಗಳಿಗೆ ಹೊಸ ನೀರು ಹಾಯಿಸುತ್ತದೆ. ಹಾಳಾಗಿ ಬೆಳ್ಳಗಾದ ಮೊಟ್ಟೆಗಳನ್ನು ಬಾಯಿಂದ ಎತ್ತಿ ಹೊರಗೆ ಹಾಕುತ್ತದೆ. ಊಟಕ್ಕೆಂದು ಹೊರಬರುವುದಿಲ್ಲ. ವಾರದೊಳಗೆ ಮೊಟ್ಟೆ ಒಡೆದರೂ ಮರಿಗಳು ಕೂಡಲೇ ಹೊರಗೆ ಬರುವುದಿಲ್ಲ; ಹೊಟ್ಟೆಗೆ ಅಂಟಿದ ಹಳದಿ ಚೀಲ ಕರಗುವವರೆಗೆ ಅಪ್ಪನ ಮರೆಯಲ್ಲೇ ಇರುತ್ತವೆ. ಆಮೇಲೆ ಒಂದು ದಿನ ನೋಡಿದರೆ ಗಾಜಿನ ತುಂಬ ಒಂದು ಸೆಂಟಿಮೀಟರೂ ಇಲ್ಲದ ಮರಿಗಳು ಬಾಯಿ ಒತ್ತಿ ಅಂಟಿಕೊಂಡಿರುತ್ತವೆ. ಭೂತಕನ್ನಡಿ ಹಿಡಿದರೆ ಆ ಬಾಯಿ ಪಾಚಿಯನ್ನು ಕೆರೆಯುತ್ತಿರುವುದು ಕಾಣುತ್ತದೆ. ಬೇಯಿಸಿದ ಸೋರೆಕಾಯಿಯ ಬಿಲ್ಲೆ ಹಾಕಿದರೆ ಬೆಳಗಾಗುವುದರೊಳಗೆ ಸಿಪ್ಪೆಯ ಬಳೆ ಮಾತ್ರ ಉಳಿದಿರುತ್ತದೆ. ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಮೀನು ಅಷ್ಟು ದಿನ ಉಪವಾಸವಿದ್ದು ಕಾದದ್ದನ್ನು ಒಂದು ಸುಳ್ಳು ಮಾತು ಹಾಳು ಮಾಡಿತು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಹೀಟರ್ ನಿಂತು ನೀರು 26 ಡಿಗ್ರಿಯಿಂದ 21ಕ್ಕೆ ಇಳಿದಿತ್ತು. ಅದೇ ಟ್ಯಾಂಕಿನಲ್ಲಿದ್ದ ಟೆಟ್ರಾ ಮೀನುಗಳ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಬಿಳಿಚುಕ್ಕೆ ರೋಗ, ಮೀನು ಸಾಕಿದವರಿಗೆಲ್ಲ ಪರಿಚಯದ್ದೇ. ಮೀನುಗಳನ್ನು ತರಿಸಿಕೊಂಡಿದ್ದ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಟ್ಯಾಂಕಿನಲ್ಲಿ ಬ್ರಿಸಲ್‌ನೋಸ್ ಮರಿಗಳಿವೆ, ಬಾವಿ ನೀರು ಬಳಸುತ್ತೇವೆ ಎಂದು ಸ್ಪಷ್ಟವಾಗಿ ತಿಳಿಸಿದೆ. "ಮೆಥಿಲೀನ್ ಬ್ಲೂ ಕಳಿಸುತ್ತೇನೆ ಸರ್. ಮೊಟ್ಟೆಗೇ ಹಾಕುತ್ತಾರೆ, ಮರಿಗೆ ಏನೂ ಆಗುವುದಿಲ್ಲ" ಎಂದರು. ಮರುದಿನ ಬಸ್ಸಿನ ಪಾರ್ಸೆಲಿನಲ್ಲಿ ಬಾಟಲಿ ಬಂತು. ಮೇಲೆ ಒಂದು ಅಕ್ಷರವಿಲ್ಲ. ಮತ್ತೆ ಫೋನ್ ಮಾಡಿ ಪ್ರಮಾಣ ಕೇಳಿಕೊಂಡು ಸಂಜೆ ಅಳೆದು ಹಾಕಿದ್ದಾಯಿತು.

ಬೆಳಿಗ್ಗೆ ಮೊದಲು ಕಣ್ಣಿಗೆ ಬಿದ್ದದ್ದು ಬಸವನಹುಳುಗಳು. ಯಾವಾಗಲೂ ಗಾಜಿನ ಮೇಲೆ ಹರಿದಾಡುತ್ತಿದ್ದ ಸಣ್ಣ ಬಸವನಹುಳುಗಳೆಲ್ಲ ಚಿಪ್ಪಿನೊಳಗೆ ಮುದುಡಿ ತಳದಲ್ಲಿ ಬಿದ್ದಿದ್ದವು. ಆಮೇಲೆ ಗಾಜು ನೋಡಿದೆ. ಒಂದು ಮರಿಯೂ ಅಂಟಿಕೊಂಡಿರಲಿಲ್ಲ. ಮರಳಿನ ಮೇಲೆ, ಮರದ ತುಂಡಿನ ಸಂದಿನಲ್ಲಿ, ಫಿಲ್ಟರಿನ ಸ್ಪಂಜಿನ ಸುತ್ತ ಅಂಗಾತ ಬಿದ್ದಿದ್ದವು. ಇನ್ನೂ ಜೀವವಿದ್ದ ನಾಲ್ಕಾರರ ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಟೆಟ್ರಾಗಳು ಸತ್ತಿದ್ದವು. ಗಂಡು ಬ್ರಿಸಲ್‌ನೋಸ್ ಪೊಟರೆ ಬಿಟ್ಟು ಹೊರಗೆ ಬಂದಿತ್ತು. ಮೇಲಕ್ಕೆ ನುಗ್ಗಿ, ಒಂದು ಗುಟುಕು ಗಾಳಿ ನುಂಗಿ, ಮತ್ತೆ ತಳಕ್ಕೆ ಬೀಳುತ್ತಿತ್ತು. ಈ ಜಾತಿಯ ಮೀನುಗಳು ಕಿವಿರಿನಿಂದ ಉಸಿರಾಟ ಸಾಗದಿದ್ದಾಗ ಗಾಳಿಯನ್ನು ನುಂಗಿ ಹೊಟ್ಟೆಯ ಮೂಲಕ ಆಮ್ಲಜನಕ ಪಡೆಯಬಲ್ಲವು. ಹಾಗೆ ಮತ್ತೆ ಮತ್ತೆ ಮಾಡುತ್ತಿದೆ ಎಂದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ, ಇಲ್ಲವೇ ಕಿವಿರು ಕೆಟ್ಟಿದೆ ಎಂದು ಅರ್ಥ. ಅದನ್ನು ಕೂಡಲೇ ಹೆಣ್ಣು ಇದ್ದ ಬೇರೆ ಟ್ಯಾಂಕಿಗೆ ಸಾಗಿಸಿದ್ದರಿಂದ ಬದುಕಿತು.

ನನಗೆ ಅನುಮಾನ ಹುಟ್ಟಿಸಿದ್ದು ನೀರಿನ ಬಣ್ಣ. ಮೆಥಿಲೀನ್ ಬ್ಲೂ ಹಾಕಿದ ನೀರು ಶಾಯಿ ಕದಡಿದ ಹಾಗೆ ನೀಲಿಯಾಗಬೇಕು. ಗಾಜಿನ ಅಂಚಿನ ಸಿಲಿಕೋನ್, ಕೈಬೆರಳು, ಬಟ್ಟೆ, ಎಲ್ಲಕ್ಕೂ ಅದರ ಕಲೆ ಹಿಡಿಯಬೇಕು. ನಮ್ಮ ಟ್ಯಾಂಕಿನ ನೀರು ತಿಳಿಯಾಗಿಯೇ ಇತ್ತು. ಬಾಟಲಿಯಲ್ಲಿ ಉಳಿದದ್ದು ಕೂಡ ಶಾಯಿಯ ಕಡುನೀಲಿಯಲ್ಲ, ಆಕಾಶದ ತಿಳಿನೀಲಿ.

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದವರೇ "ಇದು ಮೈಲುತುತ್ತದ ನೀರಲ್ಲವೇನೋ?" ಎಂದರು. ಅಡಿಕೆ ಬೆಳೆಯುವವರಿಗೆ ಆ ಬಣ್ಣ ಹೇಳಿಕೊಡಬೇಕಾಗಿಲ್ಲ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಸುಣ್ಣ ಸಾಲದೆ ತಾಮ್ರ ಹಾಗೆಯೇ ಉಳಿದರೆ ಅಡಿಕೆಯ ಗೊನೆ ಸುಡುತ್ತದೆ. ಅದಕ್ಕೇ ಹೊಡೆಯುವ ಮೊದಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವ ರೂಢಿಯಿದೆ. ಕತ್ತಿಯ ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಇದೆ, ಸುಣ್ಣ ಬೇಕು ಎಂದು ಲೆಕ್ಕ. ಅಪ್ಪ ಒಂದು ಕಬ್ಬಿಣದ ಮೊಳೆಯನ್ನು ಮರಳುಕಾಗದದಲ್ಲಿ ಉಜ್ಜಿ, ಲೋಟದಲ್ಲಿ ಔಷಧಿ ಬಗ್ಗಿಸಿ ಅದರಲ್ಲಿ ಇಳಿಬಿಟ್ಟರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೊಳೆಯ ಮುಳುಗಿದ ಭಾಗವೆಲ್ಲ ತಾಮ್ರದ ಕೆಂಪಾಗಿತ್ತು. ಮೇಲಿನ ಅರ್ಧ ಬೂದು, ಕೆಳಗಿನ ಅರ್ಧ ಕೆಂಪು, ನಡುವೆ ಗೀಟು ಎಳೆದಂತೆ. ಹತ್ತನೆಯ ತರಗತಿಯ ವಿಜ್ಞಾನ ಪಾಠದಲ್ಲಿ ಬರುವ ಪ್ರಯೋಗವೇ ಇದು. ಮೆಥಿಲೀನ್ ಬ್ಲೂನಲ್ಲಿ ತಾಮ್ರವಿರುವುದಿಲ್ಲ, ಅದರಲ್ಲಿ ಮೊಳೆಗೆ ಆ ಕೆಂಪು ಹತ್ತುವುದಿಲ್ಲ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮೀನಿನ ಔಷಧಿಯೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಬಿಳಿಚುಕ್ಕೆಗೆ, ಪಾಚಿಗೆ ಅದನ್ನು ಬಹಳ ಕಾಲದಿಂದ ಬಳಸುತ್ತಾರೆ. ಆದರೆ ಎಷ್ಟು ಹಾಕಬೇಕು ಎಂಬುದನ್ನು ನೀರಿನ ಕ್ಷಾರೀಯತೆ (ಬೈಕಾರ್ಬೊನೇಟಿನಂಥ ಕರಗಿದ ಲವಣಗಳ ಪ್ರಮಾಣ) ನೋಡಿ ನಿರ್ಧರಿಸಬೇಕು. ಮೀನು ಸಾಕಣೆಯಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಹೀಗಿದೆ: ಕ್ಷಾರೀಯತೆ ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆಯೋ ಅದನ್ನು 100ರಿಂದ ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ ಮೈಲುತುತ್ತ ಒಂದು ಲೀಟರಿಗೆ. ಕ್ಷಾರೀಯತೆ 50ಕ್ಕಿಂತ ಕಡಿಮೆ ಇದ್ದರೆ ಬಳಸಲೇಬಾರದು. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ತಾಮ್ರವನ್ನು ಹಿಡಿದಿಟ್ಟುಕೊಂಡು ಅದರ ವಿಷವನ್ನು ತಗ್ಗಿಸುತ್ತದೆ, ಕ್ಯಾಲ್ಸಿಯಂ ಕಿವಿರನ್ನು ಕಾಯುತ್ತದೆ. ಮೆದು ನೀರಿನಲ್ಲಿ ಆ ಎರಡೂ ರಕ್ಷಣೆ ಇಲ್ಲ. ತಾಮ್ರ ನೇರವಾಗಿ ಕಿವಿರಿಗೆ ಹತ್ತಿ, ನೀರಿನಿಂದ ಸೋಡಿಯಂ ಹೀರಿಕೊಳ್ಳುವ ಶಕ್ತಿಯನ್ನೇ ಕೆಡಿಸುತ್ತದೆ. ಮೀನಿನ ರಕ್ತದ ಉಪ್ಪು ಸೋರಿಹೋಗುತ್ತದೆ. ಮರಿಗಳು ದೊಡ್ಡವುಗಳಿಗಿಂತ ಬೇಗ ಬಲಿಯಾಗುತ್ತವೆ. ಬಸವನಹುಳು, ಸಿಗಡಿಗಳಂತೂ ಮೊದಲೇ ಸಾಯುತ್ತವೆ.

ಈಗ ಬಾವಿಯ ನೀರಿನ ಮಾತು. ಬೆಂಗಳೂರಿನ ಕೊಳವೆಬಾವಿಗಳ ನೀರು ಗಡಸು. ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಅಲ್ಲಿರುವವರೆಲ್ಲ ಕಂಡಿದ್ದಾರೆ. ನಮ್ಮ ಜಂಬಿಟ್ಟಿಗೆ ನೆಲದ ಬಾವಿಯ ನೀರು ಮಳೆನೀರಿನಷ್ಟೇ ಮೆದು. ಆಮೇಲೆ ಪರೀಕ್ಷಾ ಪಟ್ಟಿ ತರಿಸಿ ನೋಡಿದಾಗ ಕ್ಷಾರೀಯತೆ 20ರ ಆಸುಪಾಸು ತೋರಿಸಿತು. ಅಲ್ಲಿ ರೋಗ ವಾಸಿ ಮಾಡುವ ಪ್ರಮಾಣವೇ ಇಲ್ಲಿ ಕೊಲ್ಲುವ ಪ್ರಮಾಣ. ಮಲೆನಾಡು, ಕರಾವಳಿ, ಕೊಡಗಿನ ಕಡೆ ಬಾವಿ ನೀರಿನಲ್ಲಿ ಮೀನು ಸಾಕುವವರು ಇದನ್ನು ದಯವಿಟ್ಟು ಗಮನದಲ್ಲಿಡಿ. ಊರಿನಿಂದ ಊರಿಗೆ ನೀರು ಬೇರೆ, ಪ್ರಮಾಣವೂ ಬೇರೆ.

ಅಂಗಡಿಯವರಿಗೆ ಮೊಳೆಯ ಫೋಟೋ ಕಳಿಸಿದೆ. "ಇಲ್ಲಿ ಎಷ್ಟೋ ಜನ ಇದನ್ನೇ ಒಯ್ಯುತ್ತಾರೆ ಸರ್, ಯಾರ ಮೀನೂ ಸತ್ತಿಲ್ಲ. ನಿಮ್ಮ ನೀರಿನದೇ ತೊಂದರೆ" ಎಂದರು. ಅವರ ಊರಿನ ನೀರಿನಲ್ಲಿ ಸತ್ತಿಲ್ಲದಿರಬಹುದು, ನಾನು ನಂಬುತ್ತೇನೆ. ಆದರೆ ಮೆಥಿಲೀನ್ ಬ್ಲೂ ಎಂದು ಹೇಳಿ ತಾಮ್ರ ಮಾರಿದ್ದಕ್ಕೆ ಅದು ಉತ್ತರವಲ್ಲ. ಒಳಗೆ ತಾಮ್ರವಿದೆ ಎಂದು ಬರೆದಿದ್ದರೆ ಮರಿಗಳಿದ್ದ ನೀರಿಗೆ ಅದು ಬೀಳುತ್ತಲೇ ಇರಲಿಲ್ಲ. ದುಡ್ಡು ವಾಪಸು ಕೊಡುತ್ತೇವೆ ಎಂದರು. ನಾನು ಕೇಳಿದ್ದು ದುಡ್ಡನ್ನಲ್ಲ, ಆ ಕ್ಯಾನಿನ ಮೇಲೆ ಏನು ಬರೆದಿದೆ ಎಂಬ ಒಂದು ಫೋಟೋ. ಅದು ಇಂದಿಗೂ ಬಂದಿಲ್ಲ.

ತಾಮ್ರದ್ದೊಂದೇ ಭಯವೂ ಅಲ್ಲ. ಹಸಿರು ಬಾಟಲಿಗಳಲ್ಲಿ ಮ್ಯಾಲಕೈಟ್ ಗ್ರೀನ್ ಇರಬಹುದು. ತಿನ್ನುವ ಮೀನಿನ ಸಾಕಣೆಯಲ್ಲಿ ಹಲವು ದೇಶಗಳು ಅದನ್ನು ನಿಷೇಧಿಸಿರುವುದು ಮನುಷ್ಯರ ಆರೋಗ್ಯದ ಕಾರಣಕ್ಕೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟುತ್ತಾರೆ, ಏಕೆಂದರೆ ಮುಟ್ಟಬಾರದೆಂದು ಬಾಟಲಿಯ ಮೇಲೆ ಬರೆದಿಲ್ಲ. ನಿಜವಾದ ಮೆಥಿಲೀನ್ ಬ್ಲೂ ಕೂಡ ಟ್ಯಾಂಕಿಗೆ ಹಾಕುವಂಥದ್ದಲ್ಲ. ಮೊಟ್ಟೆಗೆ ಬೂಷ್ಟು ಹಿಡಿಯದಿರಲು ಬೇರೆ ಡಬ್ಬಿಯಲ್ಲಿ ಹಾಕುವುದು ಸರಿ. ಟ್ಯಾಂಕಿಗೆ ಬಿದ್ದರೆ ವಿಷಕಾರಿ ಅಮೋನಿಯವನ್ನು ಇಲ್ಲವಾಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳೇ ಸಾಯಬಹುದು.

ಬಿಳಿಚುಕ್ಕೆ ಬಂದು ಟ್ಯಾಂಕಿನಲ್ಲಿ ಬ್ರಿಸಲ್‌ನೋಸ್ ಮರಿಗಳಿದ್ದರೆ ಮೊದಲು ಬಿಸಿಯನ್ನು ನಂಬಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ 30ರವರೆಗೆ ಏರಿಸಿ, ಗಾಳಿಯ ಪಂಪನ್ನು ಜೋರಾಗಿ ಇಡಿ, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ತಳದ ಕಸವನ್ನು ನಿತ್ಯವೂ ಪೈಪಿನಿಂದ ಎಳೆದು ತೆಗೆಯಿರಿ. ಮೀನಿನ ಮೈಯಿಂದ ಉದುರಿದ ಪರೋಪಜೀವಿ ತಳದಲ್ಲೇ ಸಂತಾನ ಹೆಚ್ಚಿಸಿಕೊಳ್ಳುವುದು. ಚುಕ್ಕೆಗಳು ಮಾಯವಾದ ಮೇಲೂ ಕೆಲವು ದಿನ ಬಿಸಿ ಇಳಿಸಬೇಡಿ. ಕರೆಂಟು ನೆಚ್ಚಲಾಗದ ಊರುಗಳಲ್ಲಿ ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಇಟ್ಟುಕೊಳ್ಳಲೇಬೇಕು.

ಈಗಾಗಲೇ ಹಾಕಿಬಿಟ್ಟು ಮರಿಗಳು ಗಾಜು ಬಿಟ್ಟು ಉದುರುತ್ತಿದ್ದರೆ, ಅಂಗಡಿಗೆ ಫೋನ್ ಮಾಡುತ್ತ ಕೂರಬೇಡಿ. ಜೀವವಿರುವ ಮೀನುಗಳನ್ನು ಅದೇ ಬಿಸಿಯ ಬೇರೆ ನೀರಿಗೆ ಸಾಗಿಸಿ. ಅದಾಗದಿದ್ದರೆ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ತುಂಬಿ. ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಮರಳು, ಸುಣ್ಣಕಲ್ಲುಗಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ಬಿಡಬಲ್ಲವು. ಹಾಗಾಗಿ ನಾವು ಮರಳು, ಸ್ಪಂಜು, ಬಿದಿರು ಎಲ್ಲವನ್ನೂ ತೆಗೆದುಹಾಕಿ ಟ್ಯಾಂಕನ್ನು ಹೊಸದಾಗಿ ಕಟ್ಟಿದೆವು. ಆ ನೀರನ್ನು ಹಳ್ಳಕ್ಕೆ ಬಿಡಬೇಡಿ. ಹಳ್ಳದಲ್ಲಿ ಏಡಿ, ಸಿಗಡಿ, ಸಣ್ಣ ಮೀನುಗಳಿವೆ, ಅಲ್ಲಿಯ ನೀರೂ ಮೆದುವೇ. ನಾವು ಬಾವಿ, ಹಳ್ಳ ಎರಡರಿಂದಲೂ ದೂರ ಗುಂಡಿ ತೋಡಿ ಮಣ್ಣಿಗೆ ಇಂಗಿಸಿದೆವು.

ಔಷಧಿ ಕೊಳ್ಳುವಾಗ ಒಳಗಿರುವ ರಾಸಾಯನಿಕದ ಹೆಸರು ಅಚ್ಚಾಗಿರುವ, ಸೀಲು ಒಡೆಯದ ಬಾಟಲಿಯನ್ನೇ ಕೇಳಿ; ಇಲ್ಲ ಎಂದರೆ ಬೇರೆ ಅಂಗಡಿ ನೋಡಿ. ಮನೆಯಲ್ಲಿ ಹಳೆಯ ನೀಲಿ ಬಾಟಲಿ ಇದ್ದರೆ ಉಜ್ಜಿದ ಮೊಳೆ ಹಾಕಿ ನೋಡಿ. ಸತು ಲೇಪಿಸಿದ ಮೊಳೆ ಬೇಡ, ಬರಿಯ ಕಬ್ಬಿಣದ್ದೇ ಆಗಬೇಕು. ಕೆಂಪು ಹತ್ತಿದರೆ ಒಳಗಿರುವುದು ತಾಮ್ರ. ಕೆಂಪು ಹತ್ತಲಿಲ್ಲವೆಂದು ಅದನ್ನು ಟ್ಯಾಂಕಿಗೆ ಹಾಕಲೂ ಬೇಡಿ, ಏಕೆಂದರೆ ತಾಮ್ರವಲ್ಲದ ಇನ್ನೇನಿದೆ ಎಂಬುದನ್ನು ಮೊಳೆ ಹೇಳುವುದಿಲ್ಲ.