ಕಕ್ಕಡದ ಮಳೆಯಲ್ಲಿ ಇ-ರೀಡರ್: ಮೂರು ವರ್ಷ ಬಳಸಿದ ಮೇಲೆ

ಮಡಿಕೇರಿಯಲ್ಲಿ ಜೂನ್‌ನಲ್ಲಿ ಕಪಾಟಿನಲ್ಲಿಟ್ಟ ಕಾದಂಬರಿಯನ್ನು ಸೆಪ್ಟೆಂಬರಿನಲ್ಲಿ ತೆಗೆದರೆ ರಟ್ಟು ಬಾಗಿರುತ್ತದೆ, ಬೆನ್ನಿಗೆ ಬೂಷ್ಟು ಹಿಡಿದಿರುತ್ತದೆ. ಈ ಕಾಟ ತಪ್ಪಲಿ ಅಂತ ಇ-ರೀಡರ್ ಕೊಳ್ಳುವ ಯೋಚನೆಯಿದ್ದರೆ, ಮೂರು ಮಳೆಗಾಲ ಕಂಡ ಆರು ಇಂಚಿನ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ರೀಡರಿನ ಬಗ್ಗೆ ನನ್ನ ಅಭಿಪ್ರಾಯ ಇದು: ಓದುವುದಕ್ಕೆ ತುಂಬಾ ಒಳ್ಳೆಯದು. ಓದುತ್ತಿರುವ ಪುಸ್ತಕದ ಬಗ್ಗೆ ನಾಲ್ಕು ಜನರ ಜೊತೆ ಮಾತಾಡಬೇಕೆಂದರೆ ಮಾತ್ರ ಅದನ್ನು ಸ್ವಲ್ಪ ಪಳಗಿಸಬೇಕು.

ಬ್ಯಾಟರಿಯ ಚಿಂತೆ ಬೇಡ. ವೈಫೈ ಆಫ್ ಮಾಡಿ, ಬೆಳಕು ಕಡಿಮೆ ಇಟ್ಟು ದಿನಕ್ಕೆ ಒಂದು ಗಂಟೆ ಓದಿದರೆ ಮೊದಲ ವರ್ಷ ಮೂರು ವಾರ ಬರುತ್ತಿತ್ತು, ಈಗ ಎರಡು ವಾರ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಎರಡು ದಿನ ಕರೆಂಟ್ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ.

ಮೊದಲು ಮಾಡಬೇಕಾದ್ದು ಅಕ್ಷರದ ಹೊಂದಿಕೆ. ಕಂಪನಿಯವರು ಇಟ್ಟುಕೊಡುವ ಸಾಲಿನ ಅಂತರ ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲದು. ‘ರಾಷ್ಟ್ರ’, ‘ವಸ್ತ್ರ’ ಇಂಥ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದಲ್ಲ, ಆ ಕೆಳಗಿನದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಿ ಕಲಸಿಹೋಗುತ್ತದೆ. ಅಂತರವನ್ನು 1.5ಕ್ಕೆ ಏರಿಸಿದರೆ ಬಿಡಿಬಿಡಿಯಾಗಿ ಕಾಣುತ್ತದೆ. ಎರಡೂ ಬದಿ ಸಮ ಮಾಡುವ ಆಯ್ಕೆಯನ್ನು ತೆಗೆದುಬಿಡಿ. ‘ಹೋಗಬೇಕಾಗಿತ್ತಲ್ಲವೇ’ ತರಹದ ಉದ್ದ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗಿಳಿಯುತ್ತದೆ, ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳ ನಡುವೆ ಹೊಂಡ ಬೀಳುತ್ತದೆ. ಒತ್ತು ಕೂಡದೆ ‘ಕ್’ ಬೇರೆ, ‘ಕ’ ಬೇರೆ ಅಂತ ಒಡೆದು ಕಂಡರೆ ಕೆಲವೊಮ್ಮೆ ಫಾಂಟಿನ ತಪ್ಪು. ಕಂಪ್ಯೂಟರಿನ ಕ್ಯಾಲಿಬರ್ ತಂತ್ರಾಂಶದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟನ್ನು ಇ-ಪಬ್ (ಇ-ಪುಸ್ತಕದ ಕಡತ) ಒಳಗೇ ಸೇರಿಸಿ ಕಳಿಸಿ ನೋಡಿ. ಆಗಲೂ ಒಡೆದರೆ ಆ ಮಾದರಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಒಂದು ಕನ್ನಡ ಪುಟ ತೆರೆಸಿ ನೋಡುವುದು ಒಳ್ಳೆಯದು.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳದ್ದು ಬೇರೆ ಕಥೆ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ 1/8 ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. ಆರು ಇಂಚಿನ ಪರದೆಯ ಅಗಲ ಬರೀ 3.6 ಇಂಚು. ಇಡೀ ಪುಟ ತುಂಬಿಸಿದರೆ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಿಳಿ ಅಂಚನ್ನು ಕತ್ತರಿಸಿ, ಪರದೆಯನ್ನು ಅಡ್ಡ ತಿರುಗಿಸಿ, ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬೇಕು. ಉದಾಹರಣೆಗೆ, ಕಥೆಗಾರ್ತಿ ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ, ಲೇಖಕರ ಮರಣದ ನಂತರದ 60 ವರ್ಷದ ಕೃತಿಸ್ವಾಮ್ಯ ಮುಗಿದು ಅವರ ಕಥೆಗಳ ಹಕ್ಕು ಸಾರ್ವಜನಿಕವಾಗಿದೆ. ಆ ಕಾಲದವರನ್ನೆಲ್ಲ ಸ್ಕ್ಯಾನ್ ಪ್ರತಿಯಲ್ಲೇ ಓದುವ ಆಸೆಯಿದ್ದರೆ ಆರು ಇಂಚಿನದು ಬೇಡ, ಏಳು ಇಂಚಿಗಿಂತ ದೊಡ್ಡದನ್ನೇ ತಗೊಳ್ಳಿ.

ಇನ್ನು ಟಿಪ್ಪಣಿ. ಸಾಲಿನ ಮೇಲೆ ಬೆರಳೆಳೆದು ಗುರುತು ಹಾಕಿದ್ದೆಲ್ಲ ಒಂದು ಪಠ್ಯ ಕಡತದಲ್ಲಿ ಕೂಡುತ್ತದೆ, ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಬಹುದು. ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಪುಸ್ತಕವಾದರೆ ಅದು ಶುದ್ಧ ಕನ್ನಡದಲ್ಲೇ ಬರುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಆದರೆ ಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಕನ್ನಡವಾಗುತ್ತದೆ, ಆದರೆ ಅರ್ಕಾವತ್ತು ಜಾಗ ತಪ್ಪುವುದುಂಟು. ‘ವರ್ಷ’, ‘ಕಾರ್ಯ’ ಇಂಥವನ್ನು ಒಮ್ಮೆ ಕಣ್ಣಾಡಿಸಿಯೇ ಬೇರೆಯವರಿಗೆ ಕಳಿಸಿ. ಈ ರೀಡರಿನಲ್ಲಿ ಕನ್ನಡ ಕೀಲಿಮಣೆ ಇಲ್ಲ. ಅಭಿಪ್ರಾಯವನ್ನು ಮೊಬೈಲಿನಲ್ಲಿ ಬರೆಯುವುದೇ ಸಲೀಸು.

ಪುಸ್ತಕದ ಬಗ್ಗೆ ನಾಲ್ಕು ಜನ ಮಾತಾಡುವಾಗ ಜಗಳ ಹುಟ್ಟುವುದು ಪುಟಸಂಖ್ಯೆಯಲ್ಲಿ. ಅಕ್ಷರ ದೊಡ್ಡದು ಮಾಡಿದರೆ ಪುಟದ ಲೆಕ್ಕ ಬದಲಾಗುತ್ತದೆ, ಅಚ್ಚಿನ ಪ್ರತಿ ಹಿಡಿದವರಿಗೆ ನಿಮ್ಮ 112ನೇ ಪುಟ ಸಿಗುವುದೇ ಇಲ್ಲ. ಶೇಕಡಾ ಲೆಕ್ಕವನ್ನೂ ನೆಚ್ಚಬೇಡಿ. ನಮ್ಮ ಪುಸ್ತಕಗಳಲ್ಲಿ ಮುನ್ನುಡಿ, ಲೇಖಕರ ಮಾತು, ಅರಿಕೆ ಸೇರಿ ಮೂವತ್ತು ಪುಟ ದಾಟುವುದೂ ಇದೆ, ಒಂದು ಆವೃತ್ತಿಯಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಅಧ್ಯಾಯದ ಹೆಸರು, ಪ್ಯಾರಾದ ಮೊದಲ ನಾಲ್ಕು ಪದ, ಇಷ್ಟು ಹೇಳಿದರೆ ಯಾವ ಪ್ರತಿ ಹಿಡಿದವರೂ ಹುಡುಕಿಕೊಳ್ಳುತ್ತಾರೆ. ನೀವು ಎಲ್ಲಿಯವರೆಗೆ ಓದಿದ್ದೀರಿ ಅನ್ನುವುದನ್ನು ಮೊದಲೇ ತಿಳಿಸಿ, ಹಿಂದೆ ಇರುವವರ ಸ್ವಾರಸ್ಯ ಕೆಡುವುದಿಲ್ಲ. ಓದಿನ ನಡುವೆ ಬರೆದ ಟಿಪ್ಪಣಿಯನ್ನು ಪುಸ್ತಕ ಮುಗಿದ ಮೇಲೆ ತಿದ್ದಬೇಡಿ. ನೂರನೇ ಪುಟದಲ್ಲಿ ಒಂದು ಪಾತ್ರದ ಮೇಲೆ ಬಂದ ಸಿಟ್ಟಿಗೂ ಬೆಲೆಯಿದೆ, ಕೊನೆಯಲ್ಲಿ ಅದು ತಪ್ಪೆನಿಸಿದರೂ ಸರಿ.

ಮಳೆಗಾಲದ ಆರೈಕೆ: ತೊಗಲಿನ ಕವರ್ ಬೇಡವೇ ಬೇಡ, ಒಂದೇ ತಿಂಗಳಲ್ಲಿ ಬೂಷ್ಟು. ಸಿಲಿಕೋನ್ ಕವರ್ ಒರೆಸಿದರೆ ಮುಗಿಯಿತು. ಓದದಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ, ಅಡುಗೆಗೆ ಬಳಸದ ತಟ್ಟೆಯಲ್ಲಿ ಬಿಸಿ ಮಾಡಿ ಒಣಗಿಸಬಹುದು. ಪರದೆಯ ಮೇಲೆ ಹನಿ ಬಿದ್ದರೆ ಅದನ್ನೇ ಬೆರಳೆಂದು ತಿಳಿದು ಪುಟ ತಾನಾಗಿ ಮಗುಚುತ್ತದೆ. ಬದಿಯಲ್ಲಿ ಗುಂಡಿ ಇರುವ ಮಾದರಿಯಲ್ಲಿ ಸ್ಪರ್ಶವನ್ನು ಆಫ್ ಮಾಡಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಚಾರ್ಜಿಂಗ್ ಕಿಂಡಿ ಒದ್ದೆಯಿದ್ದಾಗ ಕೇಬಲ್ ಚುಚ್ಚಿದರೆ ಪಿನ್ನಿಗೆ ಕಿಲುಬು ಹತ್ತುತ್ತದೆ. ಹೊರಗಿನಿಂದ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಅರ್ಧ ದಿನ ಡಬ್ಬಿಯಲ್ಲಿಟ್ಟು ಆಮೇಲೆ ಹಾಕಿ.